ಉದ್ಧರಣೆಯಿಂದ ಉದ್ಧಾರವಾದ ಹುಳು

"ಅಯ್ನೋರೆ, ನಿಮ್ ಔಷಧಿ ಕುಡ್ದು ಕುಡ್ದು ಹುಳ ದಪ್ಪ ಆಗಿದಾವೆ. ನನ್ ಆಡು ಸಣ್ಣ ಆಗಿದೆ."

ಗಿರಿಜ ಹೀಗೆ ಹೇಳಿದಾಗ ನಾನು ನಕ್ಕುಬಿಟ್ಟೆ. ನಗಬಾರದಿತ್ತು.

ಗಿರಿಜ ನಮ್ಮ ಮನೆಯ ಕೆಳಗಿನ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿರುವವಳು. ಹಗಲಿಡೀ ಕಾಫಿ ತೋಟದ ಕೆಲಸ, ಅದು ಮುಗಿದರೆ ಆಡಿನ ಕೆಲಸ. ಅವಳ ಕರಿಯ ಆಡಿನ ಹಣೆಯಲ್ಲೊಂದು ಬಿಳಿಯ ಮಚ್ಚೆಯಿದೆ. ಆದ್ದರಿಂದ ಅದರ ಹೆಸರು ಚುಕ್ಕಿ. ಮಳೆಗಾಲದ ಮೊದಲಲ್ಲಿ ಚುಕ್ಕಿ ಎರಡು ಮರಿ ಹಾಕಿತ್ತು. ನವರಾತ್ರಿಯ ಹೊತ್ತಿಗೆ ಒಂದು ಸತ್ತಿತು. ಈಗ ತಾಯಿಯೇ ಮೇವು ಬಿಟ್ಟು ಗೋಡೆಗೆ ಒರಗಿ ನಿಂತಿತ್ತು.

ನನ್ನ ಸೋಮವಾರಗಳ ವಿಷಯ ಈ ಅಂಕಣದ ಓದುಗರಿಗೆ ಹೊಸದಲ್ಲ. ಬೆಳಗಿನ ಲಿಂಗಪೂಜೆ, ಬಿಲ್ವಪತ್ರೆ, ಒಪ್ಪೊತ್ತಿನ ಊಟ. ಆದರೆ ತಿಂಗಳ ಮೊದಲ ಸೋಮವಾರ ಪೂಜೆಯ ತರುವಾಯ ನಡೆಯುತ್ತಿದ್ದ ಇನ್ನೊಂದು ಕಾರ್ಯದ ಬಗ್ಗೆ ನಾನು ಎಂದೂ ಬರೆದಿರಲಿಲ್ಲ. (ಬರೆದರೆ ಜಂಬವೆನಿಸೀತೆಂಬ ಸಂಕೋಚ. ಈಗ ಆ ಭಯವಿಲ್ಲ.)

ಎಂಟು ವರ್ಷದ ಹಿಂದೆ, ಸಂಸ್ಕೃತ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಹೊಸತರಲ್ಲಿ, ಲೈನಿನ ಆಡುಗಳು ಜಂತುಹುಳುವಿನಿಂದ ಒಂದೊಂದಾಗಿ ಸಾಯುವುದನ್ನು ಕಂಡೆ. ಮನಸ್ಸು ತಡೆಯಲಿಲ್ಲ. ಮೂಡಿಗೆರೆಯ ಅಂಗಡಿಯಿಂದ ಹಾಲಿನಂತೆ ಬೆಳ್ಳಗಿರುವ ಹುಳುವಿನ ಔಷಧದ ಒಂದು ಕ್ಯಾನ್ ತಂದೆ. ಮುಗಿದಂತೆಲ್ಲ ಅದೇ ಔಷಧ ಮತ್ತೆ ತರುತ್ತಿದ್ದೆ. ಅಂದಿನಿಂದ ಪ್ರತಿ ತಿಂಗಳ ಮೊದಲ ಸೋಮವಾರ ನಮ್ಮ ಜಗಲಿಯ ಮುಂದೆ ಹೆಂಗಸರು ಆಡು ಹಿಡಿದು ಸಾಲಾಗಿ ನಿಲ್ಲುತ್ತಿದ್ದರು. ಹೋತವಿರಲಿ, ಮರಿಯಿರಲಿ, ತಲೆಗೆ ಒಂದು ಉದ್ಧರಣೆ.

ಉದ್ಧರಣೆಯೆಂದರೆ ತೀರ್ಥ ಕೊಡುವ ಪುಟ್ಟ ಚಮಚ. ಪೂಜೆಯದಲ್ಲ, ಅಂಚು ಬಾಗಿತೆಂದು ಅಜ್ಜಿಯ ಕಾಲದಲ್ಲೇ ಬದಿಗಿಟ್ಟಿದ್ದ ತಾಮ್ರದ್ದು. ದೇವರ ಸೇವೆಗೆ ಒದಗದ ವಸ್ತು ಮೂಕಪ್ರಾಣಿಯ ಸೇವೆಗಾದರೂ ಒದಗಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ಎಲ್ಲಕ್ಕೂ ಒಂದೇ ಅಳತೆ ಏಕೆ? ಅದಕ್ಕೂ ನನ್ನಲ್ಲಿ ಉತ್ತರವಿತ್ತು. ನಮ್ಮ ಮನೆಯಲ್ಲಿ ದಾಸೋಹ ನಡೆಯುತ್ತಿದ್ದ ಕಾಲದಲ್ಲಿ ಅಜ್ಜ ತಾವೇ ಸೌಟು ಹಿಡಿದು ಬಡಿಸುತ್ತಿದ್ದರು. ಉಣ್ಣಲು ಕುಳಿತ ಸಾಲಿನಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಡಿಸಿದರೆ ಅದು ಪಂಕ್ತಿಭೇದ. ಅದಕ್ಕಿಂತ ದೊಡ್ಡ ಪಾಪವನ್ನು ಅಜ್ಜ ನನಗೆ ಹೇಳಿಕೊಟ್ಟಿರಲಿಲ್ಲ. ಜೊತೆಗೆ, ಔಷಧ ಹೆಚ್ಚಾಗಿ ಪಾಪದ ಪ್ರಾಣಿಗೆ ಏನಾದರೂ ಆದರೆ? ಸ್ವಲ್ಪವೇ ಕೊಡುವುದು ದಯೆಯಲ್ಲವೇ?

ಗಿರಿಜ ದೂರು ಹೇಳಿದ ಮೂರನೆಯ ದಿನ ಪಶುವೈದ್ಯೆ ಡಾಕ್ಟರ್ ಶೈಲಜಾ ನಮ್ಮ ಮನೆಗೆ ಬಂದರು. ನಮ್ಮ ಹಸು ಗಬ್ಬವಾಗಿದೆಯೇ ಎಂದು ನೋಡುವುದಿತ್ತು. ಕೊಪ್ಪದ ಕಡೆಯವರು, ನೇರ ಮಾತಿನವರು. ಹಸುವನ್ನು ನೋಡಿ ಕೈತೊಳೆದ ಮೇಲೆ, "ಹಾಗೇ ಕೆಳಗೊಂದು ಆಡು ನೋಡಬಹುದೇ?" ಎಂದು ಕೇಳಿಕೊಂಡೆ.

ಚುಕ್ಕಿಯ ಗದ್ದದ ಕೆಳಗೆ ನೀರು ತುಂಬಿದ ಚೀಲದಂತೆ ಊತ ಇಳಿದಿತ್ತು. ಡಾಕ್ಟರು ಅದರ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದರು. ಕೆಂಪಗಿರಬೇಕಾದ ಒಳಭಾಗ ನನ್ನ ಹಣೆಯ ವಿಭೂತಿಯ ಬಣ್ಣಕ್ಕೆ ತಿರುಗಿತ್ತು.

"ರಕ್ತಾನೇ ಇಲ್ಲ ಇದ್ರಲ್ಲಿ. ಹೊಟ್ಟೆಯಲ್ಲಿರೋ ಹುಳ ಎಲ್ಲ ಹೀರಿಬಿಟ್ಟಿವೆ. ಹುಳದ ಔಷಧಿ ಹಾಕಿಲ್ವಾ?" ಎಂದರು.

ಗಿರಿಜಳಿಗೆ ಸಿಟ್ಟು ಬಂತು. "ಹಾಕಿಲ್ವಾ ಅಂದ್ರೆ? ತಿಂಗಳು ತಿಂಗಳೂ ಹಾಕ್ತೀವಿ. ಅಯ್ನೋರ ಕೈಯಿಂದಾನೇ."

"ಎಷ್ಟು?"

"ಒಂದು ಉದ್ಧರಣೆ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಮನೆಗೆ ಹೋಗಿ ಉದ್ಧರಣೆಯನ್ನು ತಂದು ತೋರಿಸಿದೆ. (ಎಷ್ಟು ಚೆನ್ನಾಗಿ ಬೆಳಗಿಟ್ಟಿದ್ದೆ!) ಅವರು ಅದರ ತುಂಬ ನೀರು ಹಾಕಿ ಸಿರಿಂಜಿನಲ್ಲಿ ಎಳೆದರು. ನೀರು ನಾಲ್ಕನೆಯ ಗೆರೆಯನ್ನು ಮುಟ್ಟಲಿಲ್ಲ.

"ಈ ಆಡಿಗೆ ಇದರ ಎರಡರಷ್ಟು ಹಾಕಿದ್ರೂ ಸಾಲ್ದು. ಎಲ್ಲ ಆಡಿಗೂ ಇಷ್ಟೇನಾ?"

"ಎಲ್ಲಕ್ಕೂ ಇಷ್ಟೇ. ಪಂಕ್ತಿಭೇದ ಮಾಡಬಾರದಲ್ಲ?"

"ಊಟಕ್ಕೆ ಸರಿ ಅಯ್ನೋರೆ. ಔಷಧಿಗೆ ಪಂಕ್ತಿಭೇದ ಮಾಡ್ಲೇಬೇಕು."

ಚುಕ್ಕಿಗೆ ಬೇರೆಯೇ ಜಾತಿಯ ಔಷಧ ಕೊಡುತ್ತೇನೆ, ಆದರೆ ತೂಕ ತಿಳಿಯಬೇಕು ಎಂದರು. ಆಡನ್ನು ಎಲ್ಲಿ ತೂಗುವುದು? ಗಿರಿಜ ಯೋಚಿಸಲೇ ಇಲ್ಲ. "ದಿನಾ ನಾವು ಕೊಯ್ದ ಹಣ್ಣು ತೂಗ್ತಾರಲ್ಲ, ಅಲ್ಲೇ ತೂಗೋದು" ಎಂದು ಆಡನ್ನು ಎತ್ತಿಕೊಂಡು ನಡೆದಳು. ಸಂಜೆಯಾಗಿತ್ತು. ಕಾಫಿ ಹಣ್ಣಿನ ಚೀಲಗಳ ಸಾಲಿನಲ್ಲಿ ಚುಕ್ಕಿಯೂ ಒಂದು ಗೋಣಿಯೊಳಗೆ ಕುಳಿತು, ತಲೆ ಮಾತ್ರ ಹೊರಗಿಟ್ಟು, ತಕ್ಕಡಿಯ ಕೊಕ್ಕೆಗೆ ತೂಗಿಬಿತ್ತು.

ಮೇಸ್ತ್ರಿ ತಿಮ್ಮಪ್ಪ ಮುಳ್ಳು ನೋಡುತ್ತ ಕೇಳಿದ: "ಚೀಲದ ತೂಕ ಅಂತ ಒಂದು ಕೇಜಿ ಮುರೀಲೇನೇ ಗಿರಿಜ?"

"ದಿನಾ ನನ್ ಹಣ್ಣಿಗೆ ಮುರಿಯೋದು ಸಾಲ್ದಾ ಮಾರಾಯ? ಇವತ್ತು ಮುರಿದ್ರೆ ನನ್ ಆಡಿಗೆ ಔಷಧಿ ಕಮ್ಮಿ ಆಗುತ್ತೆ!"

ಸುತ್ತಲಿದ್ದ ಹೆಂಗಸರೆಲ್ಲ ನಕ್ಕರು. ತಿಮ್ಮಪ್ಪ ಮುರಿಯಲಿಲ್ಲ. ಡೋಸಿನ ತತ್ತ್ವ ಅವಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಗಿತ್ತು. ನನಗೆ ಎಂಟು ವರ್ಷ ಬೇಕಾಯಿತು.

ಔಷಧ ಕುಡಿಸಿ, ರಕ್ತ ಹೆಚ್ಚಲು ಟಾನಿಕ್ ಬರೆದುಕೊಟ್ಟು, "ಹತ್ತು ದಿನ ದಾಟಿದ್ರೆ ಉಳಿಯುತ್ತೆ. ದಾಟುತ್ತೆ ಅಂತ ಮಾತ್ರ ನಾನು ಹೇಳಲ್ಲ" ಎಂದರು ಡಾಕ್ಟರು.

ಜೀಪಿನವರೆಗೆ ಅವರ ಜೊತೆ ನಡೆದೆ. "ಹಾಗಾದರೆ ಹುಳುಗಳು ನನ್ನ ಔಷಧವನ್ನು ಜೀರ್ಣಿಸಿಕೊಳ್ಳಲು ಕಲಿತುಬಿಟ್ಟವೇ?" ಎಂದು ಕೇಳಿದೆ. ಮೇಷ್ಟ್ರಿಗೆ ಬೇರೆ ಯಾವ ಪ್ರಶ್ನೆ ಹೊಳೆದೀತು?

"ಕಲಿಯೋಕೆ ಹುಳಕ್ಕೆ ಯಾವ ಸ್ಕೂಲು ಅಯ್ನೋರೆ? ಅರ್ಧಂಬರ್ಧ ಔಷಧಿಗೆ ಸಾಯೋವು ಸತ್ವು. ಗಟ್ಟಿಗಿರೋವು ಉಳಿದ್ವು, ಮೊಟ್ಟೆ ಇಟ್ವು. ಆ ಮೊಟ್ಟೆ ಹಿಕ್ಕೆಯಲ್ಲಿ ಬಿದ್ದು, ಹುಲ್ಲಿಗೆ ಹತ್ತಿ, ಮತ್ತೆ ಆಡಿನ ಹೊಟ್ಟೆಗೇ ಹೋಯ್ತು. ತಿಂಗಳು ತಿಂಗಳೂ ನೀವು ಆರಿಸಿ ಆರಿಸಿ ಗಟ್ಟಿ ತಳಿ ಮಾಡಿದ್ರಿ."

ಉದ್ಧರಣೆ ಎಂಬ ಶಬ್ದಕ್ಕೆ ಮೇಲೆತ್ತುವುದು ಎಂದೂ ಅರ್ಥವಿದೆ. ಎಂಟು ವರ್ಷ ಪ್ರತಿ ತಿಂಗಳೂ ನಾನು ಶ್ರದ್ಧೆಯಿಂದ ಮೇಲೆತ್ತಿದ್ದು ಯಾರನ್ನು?

ಆದರೂ ಮನಸ್ಸು ಒಂದು ಎಳೆ ಹಿಡಿದು ಜೋತಾಡುತ್ತಿತ್ತು. ಅಳತೆ ತಪ್ಪಿದ್ದು ನಿಜ, ಔಷಧವಾದರೂ ಒಳ್ಳೆಯದೇ ಇರಬಹುದಲ್ಲ? ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಇನ್ನೂ ಕೆಲಸ ಮಾಡೀತಲ್ಲ? ಪರೀಕ್ಷಿಸಬಹುದು ಎಂದಿದ್ದರು ಡಾಕ್ಟರು. ಗಿರಿಜಳ ಪಕ್ಕದ ಮನೆಯ ಸಾಕಮ್ಮನ ಎರಡು ಆಡುಗಳಿಗೆ ನನ್ನ ಹಳೆಯ ಔಷಧವನ್ನೇ ತೂಕಕ್ಕೆ ತಕ್ಕಂತೆ ಪೂರ್ತಿ ಕುಡಿಸುವುದು; ಕುಡಿಸುವ ಮೊದಲೊಮ್ಮೆ, ಹತ್ತು ದಿನದ ಮೇಲೊಮ್ಮೆ ಹಿಕ್ಕೆಯನ್ನು ಆಸ್ಪತ್ರೆಗೆ ತಂದುಕೊಡುವುದು.

ಹಿಕ್ಕೆ ಒಯ್ಯುವ ಹೊಣೆ ನನ್ನದಾಯಿತು. ಮೊದಲ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಡಿಗೆರೆಯ ಬಸ್ಸಿನಲ್ಲಿ ಕುಳಿತೆ. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ, ಎರಡು ಕೈಯಿಂದ ಜೋಪಾನವಾಗಿ ಹಿಡಿದ ಮುಚ್ಚಳದ ಸ್ಟೀಲ್ ಡಬ್ಬಿ. ಕಳಸದಿಂದ ದೇವರ ದರ್ಶನ ಮುಗಿಸಿ ಬರುತ್ತಿದ್ದ ಹೆಂಗಸೊಬ್ಬರು ಪಕ್ಕದಲ್ಲಿದ್ದರು. ಡಬ್ಬಿಯನ್ನೇ ನೋಡುತ್ತ, "ಪ್ರಸಾದನಾ ಸ್ವಾಮಿ? ನಮಗೂ ಒಂಚೂರು ಕೊಡಿ" ಎಂದು ಕೈಯೊಡ್ಡಿದರು.

ಸುಳ್ಳು ಹೇಳಲಾರೆ, ನಿಜ ಹೇಳಲಾರೆ. "ತಾಯಿ, ಇದು ತಲುಪಬೇಕಾದವರಿಗೇ ತಲುಪಬೇಕು" ಎಂದೆ. ಅವರು ಡಬ್ಬಿಗೆ ಕೈಮುಗಿದರು!

ಹತ್ತು ದಿನದ ಮೇಲೆ ಎರಡನೆಯ ಡಬ್ಬಿ. ಈ ಸಲ ಡಾಕ್ಟರು ಮೈಕ್ರೋಸ್ಕೋಪಿನ ಮುಂದೆ ನನ್ನನ್ನೇ ಕೂರಿಸಿದರು. ದುಂಡನೆಯ ಬೆಳಕಿನಲ್ಲಿ ಮೊಟ್ಟೆಗಳು ಊಟಕ್ಕೆ ಕುಳಿತವರಂತೆ ಒಂದರ ಪಕ್ಕ ಒಂದು ಕಂಡವು. ಮೊದಲ ಡಬ್ಬಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ ಎಂದರು. ಪೂರ್ತಿ ಪ್ರಮಾಣದಲ್ಲಿ ಕೊಟ್ಟರೂ ಆ ಲೈನಿನಲ್ಲಿ ಇನ್ನು ಆ ಔಷಧ ಬರಿಯ ಬಿಳಿಯ ನೀರು.

ಬಸ್ಸಿಳಿದು ನೇರವಾಗಿ ಗಿರಿಜಳ ಮನೆಗೆ ಹೋದೆ. ಅವಳು ಹಲಸಿನ ಸೊಪ್ಪು ಕಟ್ಟುತ್ತಿದ್ದಳು. ಚುಕ್ಕಿ ಮಲಗಿತ್ತು. ಸುತ್ತಿಬಳಸದೆ ಹೇಳಿದೆ: ತಪ್ಪು ಔಷಧದ್ದಲ್ಲ, ಆಡಿನದಲ್ಲ, ನಿನ್ನದಲ್ಲ, ನನ್ನ ಅಳತೆಯದು. ಹೋದ ಮರಿಯೂ ಬಹುಶಃ ಅದರಿಂದಲೇ ಹೋಯಿತು.

ಅವಳು ಸೊಪ್ಪು ಕಟ್ಟುವುದನ್ನು ನಿಲ್ಲಿಸಲಿಲ್ಲ.

"ಸಾಯೋ ಹಿಂದಿನ ವಾರಾನೂ ಕುಡಿಸಿದ್ದೆ ಅಯ್ನೋರೆ. ಬಾಯೇ ಬಿಡ್ತಿರ್ಲಿಲ್ಲ ಅದು. ಅಯ್ನೋರು ಕೊಟ್ಟಿದ್ದು, ಕುಡಿ ಅಂತ ದವಡೆ ಹಿಡಿದು ಕುಡಿಸ್ದೆ."

ಕ್ಷಮೆ ಕೇಳಿದೆನೋ ಇಲ್ಲವೋ ಈಗ ನೆನಪಿಲ್ಲ. ಅವಳು ಕ್ಷಮಿಸಿದೆ ಎನ್ನಲಿಲ್ಲ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ.

"ಹಂಗೆ ನಿಂತ್ಕೋಬೇಡಿ. ಡಾಕ್ಟ್ರಮ್ಮ ತೋರ್ಸಿದ್ ಹಾಗೆ ಇದರ ಕಣ್ಣು ನೋಡಿ. ನಂಗೆ ನೋಡೋಕೆ ಧೈರ್ಯ ಇಲ್ಲ" ಎಂದಳು.

ಮಂಡಿಯೂರಿ ಕುಳಿತು ಚುಕ್ಕಿಯ ಕೆಳರೆಪ್ಪೆಯನ್ನು ಎಳೆದೆ. ಒಳಗೆ, ವಿಭೂತಿಗೆ ಒಂದು ಚಿಟಿಕೆ ಕುಂಕುಮ ಬೆರೆಸಿದಂಥ ಬಣ್ಣ.

"ಬಣ್ಣ ಬಂದಿದೆ, ಗಿರಿಜ" ಎಂದೆ. ಅವಳು ಸೊಪ್ಪಿನ ಕಟ್ಟನ್ನು ಆಡಿನ ಮುಂದಿಟ್ಟು ಒಳಗೆ ಹೋದಳು. ಚುಕ್ಕಿ ಮಲಗಿದಲ್ಲಿಂದಲೇ ಒಂದು ಎಲೆ ಎಳೆದುಕೊಂಡಿತು.

ಓದುಗರೇ, ನಗುವ ಮೊದಲು ನಿಮ್ಮ ಕಪಾಟಿನ ಬಾಗಿಲು ತೆರೆಯಿರಿ. ಜ್ವರ ಇಳಿದ ಕೂಡಲೆ ನಿಲ್ಲಿಸಿ ಎತ್ತಿಟ್ಟ ಅರ್ಧ ಪಟ್ಟಿ ಮಾತ್ರೆ ಅಲ್ಲಿಲ್ಲವೇ? ಪಕ್ಕದ ಮನೆಯವರು ಕೆಮ್ಮಿದಾಗ ಅದರಲ್ಲೇ ಎರಡು ಕೊಟ್ಟು ಪುಣ್ಯ ಕಟ್ಟಿಕೊಂಡಿಲ್ಲವೇ? ಹಸುವಿನ ಉಣುಗಿಗೆ ಹೊಡೆಯುವ ಔಷಧಕ್ಕೆ ಇನ್ನೊಂದು ಚೊಂಬು ನೀರು ಬೆರೆಸಿ ಎಲ್ಲ ಹಸುಗಳಿಗೂ ಸಾಲುವಂತೆ ಮಾಡಿಲ್ಲವೇ? ಜಿಪುಣತನದಿಂದ ಮಾಡಿದ್ದನ್ನು ಯಾರಾದರೂ ತಿದ್ದಿಯಾರು. ಕರುಣೆಯಿಂದ ಮಾಡಿದ್ದನ್ನು ತಿದ್ದುವವರು ಯಾರು? ಎಲ್ಲರೂ ಕೈಮುಗಿಯುತ್ತಾರೆ, ಆ ಡಬ್ಬಿಗೆ ಮುಗಿದ ಹಾಗೆ.

ಮೊನ್ನೆ ಮೊದಲ ಸೋಮವಾರ ಬಂತು. ಜಗಲಿಯ ಮುಂದೆ ಎಂದಿನಂತೆ ಸಾಲು. ಡಾಕ್ಟರ ಅಪ್ಪಣೆ ಸ್ಪಷ್ಟವಿತ್ತು: ಪ್ರತಿ ಆಡಿನ ಕಣ್ಣು ನೋಡಿ, ಬಿಳಿಚಿದ್ದಕ್ಕೆ ಮಾತ್ರ ಹೊಸ ಔಷಧ, ತೂಗಿ, ಸಿರಿಂಜಿನಲ್ಲಿ. ಕೆಂಪಗಿದ್ದರೆ ಬರಿಗೈಯಲ್ಲಿ ಕಳಿಸಿ. ಹೊಸ ಔಷಧ ಕಾಣದ ಆಡುಗಳಲ್ಲಿ ಅದಕ್ಕೆ ಬಗ್ಗುವ ಹುಳುಗಳು ಉಳಿದಿರುತ್ತವಂತೆ. ಅವು ಗಟ್ಟಿ ಹುಳುಗಳೊಡನೆ ಬೆರೆತರೆ ಮುಂದಿನ ಸಂತಾನವೂ ಸ್ವಲ್ಪ ಬಗ್ಗೀತಂತೆ. ಕೊಡದೆ ಉಳಿಸುವುದೂ ಚಿಕಿತ್ಸೆಯ ಒಂದು ಭಾಗ. ಕೊಡುವುದನ್ನಷ್ಟೇ ಧರ್ಮವೆಂದು ಕಲಿತ ಮನೆತನದವನಿಗೆ ಇದು ಎಷ್ಟು ಕಷ್ಟ ಗೊತ್ತೇ?

ಹೊಟ್ಟೆಯಲ್ಲಿ ಹುಳುವಿದ್ದರೂ ತಡೆದುಕೊಂಡಿದ್ದ ಸಾಕಮ್ಮನ ಆಡುಗಳ ಕಣ್ಣು ಕೆಂಪಗಿತ್ತು. "ನಿನ್ನವಕ್ಕೆ ಬೇಡ" ಎಂದೆ.

"ಅವ್ಳ ಆಡಿಗೆ ಅಷ್ಟೆಲ್ಲ ಮಾಡಿದ್ರಿ, ನಮ್ಮದಕ್ಕೆ ಇಲ್ವಾ?" ಸಾಕಮ್ಮನ ಧ್ವನಿ ಏರಿತು. "ನೀವೂ ಪಂಕ್ತಿಭೇದ ಶುರು ಮಾಡಿದ್ರಾ ಅಯ್ನೋರೆ?"

ಎದೆಗೆ ನಾಟಿತು. ಉತ್ತರ ಕೊಟ್ಟದ್ದು ನಾನಲ್ಲ.

"ನಿನ್ ಆಡು ಚೆನ್ನಾಗಿದೆ ಅಂದ್ರೆ ಅದಕ್ಕೂ ಜಗಳ ಆಡ್ತೀಯಲ್ಲೇ ಮಾರಾಯ್ತಿ!" ಎಂದಳು ಗಿರಿಜ, ಚುಕ್ಕಿಯ ಕೊಂಬು ಹಿಡಿದುಕೊಂಡೇ. ಚುಕ್ಕಿ ತನ್ನ ಕಾಲ ಮೇಲೆ ತಾನು ನಿಂತಿತ್ತು. ಸಾಕಮ್ಮ ಗೊಣಗುತ್ತ ಹೋದಳು.

ಸಾಲು ಕರಗಿದ ಮೇಲೆ ಗಿರಿಜ ಜಗಲಿಯ ಮೇಲೆ ಕಣ್ಣಾಡಿಸಿದಳು.

"ಆ ಉದ್ಧರಣೆ ಎಲ್ಲಿ ಅಯ್ನೋರೆ?"

"ತೊಳೆದು, ಅಂಚು ನೇರಮಾಡಿಸಿ, ದೇವರ ಮುಂದೆ ಇಟ್ಟಿದ್ದೇನೆ."

"ಅಲ್ಲೇ ಇರ್ಲಿ ಬಿಡಿ," ಎಂದಳು. "ದೇವ್ರಿಗೆ ಹುಳ ಆಗಲ್ಲ."