‘ಇಲ್ಲ’ ಎಂದು ಬರೆದವಳು

ಎಸ್‌ಐ ಹುದ್ದೆಗೆ ಅರ್ಜಿ ಹಾಕಿದಾಗ ಗ್ರೀಷ್ಮಾಳಿಗೆ ಇಪ್ಪತ್ತೆಂಟು. ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ, ತ್ರಿಪ್ಪುಣಿತ್ತುರದಲ್ಲಿ ಅಮ್ಮ ಅನಸೂಯಾ ಜೊತೆ ಬಾಡಿಗೆ ಮನೆ. ಮಂಡ್ಯದವರಾದ ಅಪ್ಪ ತಿರುವನಂತಪುರದ ಶ್ರೀಕಾರ್ಯಂನ ಸಂಶೋಧನಾ ಸಂಸ್ಥೆಯಲ್ಲಿದ್ದವರು, ಅವಳು ಕಾಲೇಜು ಮುಗಿಸುವ ಮೊದಲೇ ತೀರಿಕೊಂಡಿದ್ದರು.

ಆಯ್ಕೆ ಎರಡು ವರ್ಷ ಹಿಡಿಯಿತು. ಲಿಖಿತ ಪರೀಕ್ಷೆ ಪಾಸಾದಳು. ತಿರುವನಂತಪುರದ ಮೈದಾನದಲ್ಲಿ ಎತ್ತರ ಅಳೆಯುವವರು ಅವಳ ತುರುಬು ಬಿಚ್ಚಿಸಿ, ಹಿಮ್ಮಡಿ ನೆಲಕ್ಕೆ ತಾಗಿದೆಯೇ ಎಂದು ಬಗ್ಗಿ ನೋಡಿದರು. ಗುಂಡು ಎಸೆತದಲ್ಲಿ ಸೋತಳು, ಎಲ್ಲದರಲ್ಲೂ ಗೆಲ್ಲಲೇಬೇಕೆಂದಿರಲಿಲ್ಲ; ಓಟದಲ್ಲಿ ಹೇಗೋ ಗೆರೆ ದಾಟಿದಳು. ಸಂದರ್ಶನ, ಕಣ್ಣಿನ ಪರೀಕ್ಷೆ ಮುಗಿದು ಪಟ್ಟಿಯಲ್ಲಿ ಹೆಸರು ಬಂತು. ಉಳಿದದ್ದು ಪೂರ್ವಾಪರ ವಿಚಾರಣೆ.

ಅದಕ್ಕೆ ಠಾಣೆಯಿಂದ ಜುಬೈದಾ ಎಂಬ ಹಿರಿಯ ಪೊಲೀಸಮ್ಮ ಬಂದರು. ಅಕ್ಕಪಕ್ಕದವರನ್ನು ಮೊದಲೇ ಮಾತಾಡಿಸಿದ್ದರು. ಗ್ರೀಷ್ಮಾ ತುಂಬಿಕೊಟ್ಟಿದ್ದ ಫಾರಂ ಮಡಿಲಲ್ಲಿಟ್ಟುಕೊಂಡು ಒಂದೊಂದೇ ಕಲಂ ಓದಿದರು. ಕ್ರಿಮಿನಲ್ ಕೇಸು ಯಾವುದಾದರೂ ಇತ್ತೇ ಎಂಬಲ್ಲಿ ‘ಇಲ್ಲ’ ಎಂದಿತ್ತು.

“ಇಲ್ಲ ಅಲ್ವಾ, ಮೋಳೇ?” ಎಂದರು, ಮಗಳನ್ನು ಕೇಳುವ ಹಾಗೆ.

ಕಾಲೇಜಿನಲ್ಲಿದ್ದಾಗ, ಹಾಸ್ಟೆಲ್ ಗೇಟು ಬೇಗ ಮುಚ್ಚುವುದರ ವಿರುದ್ಧ ಗ್ರೀಷ್ಮಾ ಸೇರಿ ಹತ್ತು ಹುಡುಗಿಯರು ರಸ್ತೆಯಲ್ಲಿ ಕೂತಿದ್ದರು. ಎಲ್ಲರ ಮೇಲೂ ಕೇಸಾಗಿತ್ತು. ವರ್ಷದೊಳಗೆ ಕೋರ್ಟು ಅದನ್ನು ವಜಾ ಮಾಡಿತು. ಮರೆತುಬಿಡಿ ಎಂದಿದ್ದರು ವಕೀಲರು. ಫಾರಂ ತುಂಬುವಾಗ ಗ್ರೀಷ್ಮಾ ಮರೆತಿರಲಿಲ್ಲ, ಹೆದರಿದ್ದಳು.

“ಇತ್ತು ಮೇಡಂ,” ಎಂದಳು.

ಜುಬೈದಾ ಪೆನ್ನು ಕೆಳಗಿಟ್ಟರು. ಆಮೇಲೆ, “ಅವತ್ತೇ ಬರೆದಿದ್ದರೆ ಇದೊಂದು ದೊಡ್ಡ ವಿಷಯವೇ ಆಗ್ತಿರಲಿಲ್ಲವೋ ಏನೋ. ಈಗ ನೀನು ಹೇಳಿದ್ದನ್ನು ನಾನು ಬಿಡೋ ಹಾಗಿಲ್ಲ,” ಎಂದರು.

“ಬರ್ಕೊಳ್ಳಿ.”

ಮೂರು ತಿಂಗಳಿಗೆ ಪತ್ರ ಬಂತು. ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಹೆಸರು ಕೈಬಿಡಲಾಗಿದೆ. ಕೇಸಿನ ಬಗ್ಗೆ ಬೇರೆ ಮಾತಿರಲಿಲ್ಲ. ಯಾಕೆ ಹೇಳಿದೆ, ಯಾರಿಗೆ ಗೊತ್ತಾಗುತ್ತಿತ್ತು ಎಂದು ಅಮ್ಮ ಕೇಳಿದರು. ಗ್ರೀಷ್ಮಾ ಪತ್ರ ಮಡಚಿ ಕಪಾಟಿನಲ್ಲಿಟ್ಟಳು. ಅಳು ಬರಲಿಲ್ಲ, ಸಿಟ್ಟೂ ಇಲ್ಲ. ಮೇಲ್ಮನವಿ ಹಾಕು ಎಂದು ಗೆಳತಿ ಅಪರ್ಣಾ ವಕೀಲರ ನಂಬರು ಕಳಿಸಿದಳು. ಗ್ರೀಷ್ಮಾ ಕರೆ ಮಾಡಲಿಲ್ಲ. ಮುಂದಿನ ಸಲ ಅರ್ಜಿ ಕರೆಯುವಷ್ಟರಲ್ಲಿ ವಯಸ್ಸು ಮಿತಿ ದಾಟಿರುತ್ತದೆ.

ಓಟದ ಅಭ್ಯಾಸಕ್ಕೆಂದು ಏಳುತ್ತಿದ್ದ ಹಾಗೆ ಈಗಲೂ ಬೆಳಗಿನ ಐದಕ್ಕೆ ಎಚ್ಚರವಾಗುತ್ತದೆ. ಓಡಲು ಹೋಗುವುದಿಲ್ಲ. ಫ್ಯಾನ್ ನೋಡುತ್ತ ಮಲಗಿರುತ್ತಾಳೆ, ಏಳೂವರೆಗೆ ಎದ್ದು ಮೆಟ್ರೋ ಹಿಡಿಯುತ್ತಾಳೆ.