ವಕೀಲರ ಕೆಂಪು ಕಾರು ಮತ್ತು ಹದಿನೆಂಟನೆಯ ಕಲ್ಲು

ಬಟ್ಟೆ ಒಗೆಯುವ ಕಲ್ಲಿನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಒಂದು ಟವೆಲ್ಲನ್ನೂ ನೆಟ್ಟಗೆ ಹಿಂಡಲು ಬಾರದವನು ಎಂದು ನನ್ನ ಹೆಂಡತಿ ಊರಿಗೆಲ್ಲ ಹೇಳಿಟ್ಟಿದ್ದಾಳೆ. ಆದರೆ ಹೋದ ವಾರ ಮಧುಗಿರಿಯಿಂದ, ನಾನು ಹಿಂದೆ ಬಾಡಿಗೆಗಿದ್ದ ಮನೆಯ ಮಗಳು ನಾಗವೇಣಿ ಫೋನು ಮಾಡಿದಳು. "ಮಾಮ, ಮಗ ಕಾರು ತಗೊಂಡಿದಾನೆ, ಹಿತ್ತಲಲ್ಲಿ ಶೆಡ್ಡು ಹಾಕಿಸ್ತಿದೀವಿ. ಅಮ್ಮನ ಒಗೆಯೋ ಕಲ್ಲು ಕೀಳಿಸಿದರೆ ಅಡಿಯಲ್ಲಿ ಏನೋ ಅಕ್ಷರ ಇದೆ. ಶಾಸನವೇನೋ, ಬಂದು ನೋಡ್ತೀರಾ?" ಎಂದಳು. ರಸ್ತೆ ಇಲಾಖೆಯಲ್ಲಿ ಓವರ್ಸಿಯರ್ ಆಗಿ ಸೇರಿ, ಬಿಸಿಲಲ್ಲಿ ಬೆಂದು, ನಿವೃತ್ತನಾದವನು ನಾನು. ಶಾಸನ ಓದಲು ಬರುವುದಿಲ್ಲ. ಆದರೂ ಯಾರಾದರೂ ತಜ್ಞನೆಂದು ಕರೆದರೆ ಈ ವಯಸ್ಸಿನಲ್ಲಿ ಬಸ್ಸು ಹತ್ತಿಬಿಡುತ್ತೇನೆ.

ಹಿತ್ತಲಲ್ಲಿ ಚಪ್ಪಡಿ ಅಂಗಾತ ಬಿದ್ದಿತ್ತು. ನಾಗವೇಣಿಯ ಮಗ ಪೈಪು ಹಿಡಿದು ನೀರು ಬಿಟ್ಟ. ಮಣ್ಣು ಕರಗಿ ಒಂದೊಂದೇ ಅಕ್ಷರ ಮೇಲೆದ್ದಿತು: ಮಧುಗಿರಿ ೧೮, ಶಿರಾ ೬. ಅದು ಶಾಸನವೇ ಹೌದು. ಬರೆಸಿದ್ದು ಸರ್ಕಾರ, ಕದ್ದು ತಂದು ಇಲ್ಲಿ ಹಾಕಿಸಿ, ಮರೆತೂಬಿಟ್ಟಿದ್ದವನು ನಾನು.

ನಲವತ್ತು ವರ್ಷ ಮೀರಿದ ಮಾತು. ನನಗೆ ಮಧುಗಿರಿಗೆ ಹೊಸದಾಗಿ ವರ್ಗವಾಗಿತ್ತು. ವಕೀಲ ಸೀತಾರಾಮಯ್ಯನವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಬೆಟ್ಟದ ಬುಡದ ಆ ಊರಿನಲ್ಲಿ ಆಗ ಕಾರುಗಳು ಬೆರಳೆಣಿಕೆಯಷ್ಟು. ಎಲ್ಲವೂ ಗಂಭೀರವಾದ, ಕಪ್ಪು, ಮನೆಮಂದಿಯೆಲ್ಲ ಹಿಡಿಸುವ ಕಾರುಗಳು. ಸೀತಾರಾಮಯ್ಯನವರು ಯಾವುದೋ ಮೊಕದ್ದಮೆಗೆಂದು ಬೆಂಗಳೂರಿಗೆ ಹೋದವರು, ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬನಿಂದ ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ, ಕೆಂಪು ಬಣ್ಣದ ರೇಸಿನ ಕಾರನ್ನು ಕೊಂಡು ಬಂದರು. ಅದು ನೆಲಕ್ಕೆ ಎಷ್ಟು ಹತ್ತಿರವಿತ್ತೆಂದರೆ ಒಳಗೆ ಕೂತರೆ ಎದುರು ಬಂದ ಎಮ್ಮೆಯ ಮುಖವಲ್ಲ, ಹೊಟ್ಟೆ ಕಾಣುತ್ತಿತ್ತು. ಊರವರು ಅದಕ್ಕೆ ಕೆಂಪು ಚಪ್ಪಲಿ ಎಂದು ಹೆಸರಿಟ್ಟರು. ವಕೀಲರ ಕೆಲಸ ಹೇಗೂ ಕೋರ್ಟಿಗೆ ಎರಡು ಫರ್ಲಾಂಗು ಹೋಗುವುದು, ಎರಡು ಫರ್ಲಾಂಗು ಬರುವುದು.

ಕಾರು ಪೆಟ್ರೋಲು ಕುಡಿಯುತ್ತಿತ್ತು. ದೊರೆ ಅದರ ಜೊತೆಗೆ ಒಂದು ಗ್ಯಾಲನ್ ಹಿಡಿಸುವ ತಗಡಿನ ಡಬ್ಬವನ್ನೂ ಕೊಟ್ಟಿದ್ದ. ವಕೀಲರು ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಆ ಡಬ್ಬದಿಂದ ಒಂದೇ ಗ್ಯಾಲನ್ ಸುರಿದು, ಶಿರಾ ರಸ್ತೆಯಲ್ಲಿ ಕಾರು ತಾನಾಗಿ ನಿಲ್ಲುವವರೆಗೆ ಓಡಿಸುತ್ತಿದ್ದರು. ಮೈಲಿ ತೋರಿಸುವ ಮುಳ್ಳು ಬಹಳ ಹಿಂದೆಯೇ ಸತ್ತಿದ್ದರಿಂದ ಪಕ್ಕದಲ್ಲಿ ಕೂತು ಮೈಲಿಗಲ್ಲು ಎಣಿಸುವ ಕೆಲಸ ನನ್ನದು. ಪ್ರತಿ ಸಲವೂ ಕಾರು ಹದಿನೆಂಟನೆಯ ಕಲ್ಲಿನ ಪಕ್ಕದ ದೊಡ್ಡ ಹುಣಸೆಮರದ ಕೆಳಗೆ ಕೆಮ್ಮಿ ನಿಲ್ಲುತ್ತಿತ್ತು. ನಾವು ಅದೇ ಕಲ್ಲಿನ ಮೇಲೆ ಕೂತು, ಚೀಲದಲ್ಲಿ ತಂದ ಚಕ್ಕುಲಿ ತಿಂದು, ಜೊತೆಗೆ ತಂದಿದ್ದ ಇನ್ನೊಂದು ಡಬ್ಬ ಪೆಟ್ರೋಲು ಹಾಕಿಕೊಂಡು ವಾಪಸಾಗುತ್ತಿದ್ದೆವು. ಪೆಟ್ರೋಲು ಉಳಿಸುವುದು ಹೇಗೆಂದು ಕಂಡುಹಿಡಿಯಲು ನಾವು ಸುಟ್ಟ ಪೆಟ್ರೋಲಿನಲ್ಲಿ ಪಾವಗಡಕ್ಕೆ ಎಷ್ಟು ಸಲ ಹೋಗಿ ಬರಬಹುದಿತ್ತೆಂದು ನಾನು ಯೋಚಿಸಿದ್ದುಂಟು, ಬಾಯಿ ಬಿಟ್ಟು ಹೇಳಿದ್ದಿಲ್ಲ.

ಶಿರಾದಲ್ಲಿ ಬಷೀರ್ ಸಾಬರೆಂಬ ಉಸ್ತಾದರಿದ್ದರು. ಲಾರಿಯಿಂದ ಹೊಲಿಗೆ ಮಿಷನ್ನಿನವರೆಗೆ ಯಾವುದನ್ನಾದರೂ ಬಿಚ್ಚಿ ಜೋಡಿಸುವವರು. ಅವರು ಕಾರಿನಲ್ಲಿ ಒಂದು ಸುತ್ತು ಕೂತು ಬಂದು, "ವಕೀಲ್ ಸಾಬ್, ಗಾಡೀದೇನೂ ತಪ್ಪಿಲ್ಲ. ಸ್ವಲ್ಪ ಪಾವ್ ಕಮ್ಮಿ ಮಾಡಿ" ಎಂದರು. ವಕೀಲರು ಮಧುಗಿರಿಗೆ ಬಂದವರೇ ಅಡುಗೆಮನೆಯಿಂದ ಅಕ್ಕಿ ಅಳೆಯುವ ಪಾವು ತರಿಸಿ, ಗ್ಯಾಲನ್ನಿನಿಂದ ಒಂದು ಪಾವು ಪೆಟ್ರೋಲು ತೆಗೆದಿಟ್ಟು ಓಡಿಸಿದರು. ಕಾರು ಹದಿನೇಳನೆಯ ಕಲ್ಲನ್ನೇ ಮುಟ್ಟಲಿಲ್ಲ. ಸಿಟ್ಟಿನಿಂದ ಶಿರಾಕ್ಕೆ ಹೋಗಿ ಕೇಳಿದರೆ ಉಸ್ತಾದರು ಹಣೆ ಚಚ್ಚಿಕೊಂಡರು. "ಅಯ್ಯೋ ಅಲ್ಲಾ! ಪಾವ್ ಅಂದ್ರೆ ಕಾಲು ಸಾಬ್, ಕಾಲು! ಗಾಡಿ ಎಲ್ಲಿ ಕುಡೀತದೆ? ನಿಮ್ಮ ಕಾಲು ಕುಡೀತದೆ. ಹಗುರಾಗಿ ಒತ್ತಿ." ಒಂದು ವಾರ ವಕೀಲರ ಹೆಂಡತಿ ಶಾರದಮ್ಮನವರು ಬಡಿಸಿದ ಅನ್ನದಲ್ಲಿ ಪೆಟ್ರೋಲಿನ ವಾಸನೆ ಹೊಡೆಯಿತು.

ಆಮೇಲೆ ಶುರುವಾಯಿತು ಹಗುರಾಗುವ ವ್ರತ. ಮೊದಲು ಬೂಟು ಕಳಚಿ ಬರಿಗಾಲಲ್ಲಿ ಓಡಿಸಿದರು. ಆಮೇಲೆ ಸ್ಟೆಪ್ನಿ ಚಕ್ರ ಇಳಿಯಿತು, ಮಡಚುವ ಮೇಲ್ಹೊದಿಕೆ ಇಳಿಯಿತು, ಕಾನೂನು ಪುಸ್ತಕಗಳು ಇಳಿದವು. ಇಳಿಜಾರು ಬಂದರೆ ಎಂಜಿನ್ ಆರಿಸಿಬಿಡುತ್ತಿದ್ದರು. ನೂರು ಮೈಲಿ ವೇಗದಲ್ಲಿ ಓಡಲೆಂದು ಹುಟ್ಟಿದ್ದ ಆ ಕಾರನ್ನು ಬಡವನಹಳ್ಳಿಯ ಹತ್ತಿರ ಸೈಕಲ್ಲಿನಲ್ಲಿ ಸೊಪ್ಪಿನ ಕಂತೆ ಕಟ್ಟಿಕೊಂಡು ಹೋಗುತ್ತಿದ್ದವನೊಬ್ಬ ಹಿಂದೆ ಹಾಕಿ, ತಿರುಗಿ ನೋಡಿ, "ಕೆಟ್ಟೋಯ್ತಾ ಸ್ವಾಮಿ?" ಎಂದು ಕನಿಕರದಿಂದ ಕೇಳಿದ. ಮಾತಾಡಿದರೆ ಕಾಲು ಅಲುಗೀತು ಎಂಬ ಭಯ ವಕೀಲರಿಗೆ.

ಇಳಿದವರಲ್ಲಿ ಶಾರದಮ್ಮನವರೂ ಒಬ್ಬರು. ಕಾರು ಬಂದ ದಿನ ಅವರು ಆ ಎರಡನೆಯ ಸೀಟಿನಲ್ಲಿ ಕೂತು ಬೀದಿಯ ಕೊನೆಯವರೆಗೆ ಹೋಗಿ ಬಂದದ್ದೇ ಮೊದಲು, ಅದೇ ಕೊನೆ. "ನೀನು ಕೂತರೆ ಮೈಲೇಜು ಬೀಳುತ್ತೆ ಶಾರದಾ, ಸ್ವಲ್ಪ ದಿನ ತಡಿ" ಎಂದಿದ್ದರು ವಕೀಲರು. ಹಾಗಾದರೆ ನಾನು ಕೂರುತ್ತೇನಲ್ಲ ಎಂದು ಒಮ್ಮೆ ಕೇಳಿದ್ದಕ್ಕೆ, "ನೀನು ಸಾಕ್ಷಿ ಕಣಯ್ಯ. ಸಾಕ್ಷಿಗೆ ತೂಕ ಲೆಕ್ಕವಿಲ್ಲ" ಎಂದರು. ಕೋರ್ಟಿನಲ್ಲೂ ಅವರ ಸಾಕ್ಷಿಗಳಿಗೆ ತೂಕವಿರುತ್ತಿರಲಿಲ್ಲವೆಂದು ಎದುರು ಪಕ್ಷದ ವಕೀಲರು ಹೇಳುತ್ತಿದ್ದರು.

ಶಾರದಮ್ಮನವರ ತವರು ಕೊರಟಗೆರೆ, ಹತ್ತಿರದ ಊರೇ. ಒಂದು ಸಲ ಬಸ್ಸಿನಲ್ಲಿ ಅಲ್ಲಿಗೆ ಹೋಗಿ ಬಂದವರು ನೇರ ಹಿತ್ತಲಿಗೆ ಹೋಗಿ ಕೂತುಬಿಟ್ಟರು. ನೀರು ಸೇದಲು ಹೋದ ನನ್ನ ಹತ್ತಿರ, "ಬಸ್ಸಿಳಿದರೆ ಸಾಕು ಕಣಪ್ಪ, ಕಾರೆಲ್ಲಮ್ಮ ಕಾರೆಲ್ಲಮ್ಮ ಅಂತ ಬೀದೀಲೆಲ್ಲ ಕೇಳ್ತಾರೆ. ನಾನು ಅಷ್ಟು ಭಾರವೇನಪ್ಪ ಇವರಿಗೆ?" ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಮೈ ಹಿಡಿಯಾಯಿತು, ಯಾಕೆಂದರೆ ಅವರ ಸೀಟಿನಲ್ಲಿ ಕೂರುತ್ತಿದ್ದವನು ನಾನು. ಆದರೂ ಮುಂದಿನ ಭಾನುವಾರ ಹೋಗಿ ಕೂತೆ. ಗಾಳಿಗೆ ಕೂದಲು ಹಾರಿಸಿಕೊಂಡು ಕೆಂಪು ಕಾರಿನಲ್ಲಿ ಹೋಗುವ ಚಪಲ ಇಪ್ಪತ್ತೈದರ ವಯಸ್ಸಿನಲ್ಲಿ ಅಷ್ಟು ಸುಲಭಕ್ಕೆ ಬಿಡುವಂಥದಲ್ಲ.

ಅದೇ ಸುಮಾರಿಗೆ ನಮ್ಮ ಇಲಾಖೆಗೆ ಆದೇಶ ಬಂತು: ಮೈಲಿ ಹೋಯಿತು, ಕಿಲೋಮೀಟರು ಬಂತು, ಕಲ್ಲು ಬದಲಾಯಿಸಿ. ಶಿರಾ ರಸ್ತೆಯ ಕಲ್ಲುಗಳು ನನ್ನ ಪಾಲಿಗೆ ಬಿದ್ದವು. ಹಳೆಯ ಕಲ್ಲುಗಳನ್ನು ಎಲ್ಲಿ ಹಾಕಬೇಕೆಂದು ಆದೇಶದಲ್ಲಿ ಬರೆದಿರಲಿಲ್ಲ. ಹದಿನೆಂಟನೆಯದು ಅಗಲವಾಗಿ, ನುಣುಪಾಗಿ, ನಾವು ಕೂತು ಕೂತು ಪರಿಚಯವಾಗಿದ್ದ ಕಲ್ಲು. ಶಾರದಮ್ಮನವರ ಒಗೆಯುವ ಕಲ್ಲು ಒಡೆದುಹೋಗಿತ್ತು. ಅವರ ಸೀಟು ಕಿತ್ತುಕೊಂಡ ಪಾಪಕ್ಕೆ ಇದಾದರೂ ಇರಲೆಂದು ಗಾಡಿಯಲ್ಲಿ ಹಾಕಿಸಿ ತಂದು ಹಿತ್ತಲಲ್ಲಿ ಇಳಿಸಿದೆ. ಅವರು ಅಕ್ಷರಗಳ ಮೇಲೆ ಕೈಯಾಡಿಸಿ, "ಇದ್ಯಾಕೆ ಕಿತ್ತಿರಿ?" ಎಂದು ಕೇಳಿದರು. ನಾನು ದೊಡ್ಡ ಎಂಜಿನಿಯರನಂತೆ ವಿವರಿಸಿದೆ. "ಹೊಸ ಕಲ್ಲು ಹತ್ತಿರ ಹತ್ತಿರ ಬರುತ್ವೆ ಅಕ್ಕ. ಮೊದಲು ಐದು ಕಲ್ಲಿದ್ದ ಕಡೆ ಈಗ ಎಂಟು." ಅವರು "ಓಹೋ" ಎಂದು ಒಳಗೆ ಹೋದರು. ಕಲ್ಲನ್ನು ಅಕ್ಷರ ಕೆಳಗಾಗುವಂತೆ ಮಗುಚಿ ಹಾಕಿಸಿದೆವು.

ಹತ್ತು ದಿನವಾಗಿರಬಹುದು. ರಾತ್ರಿ ಊಟಕ್ಕೆ ಕೂತಾಗ ಶಾರದಮ್ಮನವರು ಸಾರು ಬಡಿಸುತ್ತಾ, "ನೋಡ್ರಿ, ಈ ಕಾರಿನ ವಿಷಯ ಇತ್ಯರ್ಥ ಆಗಲಿ. ಗ್ಯಾಲನ್ನಿಗೆ ಇಪ್ಪತ್ತೈದು ಕಲ್ಲು ದಾಟಿದರೆ ಕಾರೂ ಇರಲಿ, ಅದರೊಳಗೆ ನಾನೂ ಇರ್ತೀನಿ, ಭಾರ ಗೀರ ಅನ್ನೋ ಹಾಗಿಲ್ಲ. ದಾಟದಿದ್ದರೆ ಕಾರನ್ನ ನಮ್ಮಣ್ಣ ಬಂದು ಎಳಕೊಂಡು ಹೋಗಲಿ" ಎಂದರು. ವಕೀಲರ ಕೈಯ ತುತ್ತು ಅಲ್ಲೇ ನಿಂತಿತು. ಅವರ ಭಾವಮೈದುನ ಹಿಂದುಮುಂದು ನೋಡುವ ಪೈಕಿಯಲ್ಲ. ಬಂದರೆ ನಿಜಕ್ಕೂ ಎಳೆದುಕೊಂಡು ಹೋಗುವವನೇ. ಆದರೆ ಹೆಂಡತಿಯ ಎದುರು ಹಿಂಜರಿಯುವುದು ಹೇಗೆ? ಬಿಳಿ ಕಾಗದದ ಮೇಲೆ ಕರಾರು ಬರೆದರು. ಸಾಕ್ಷಿ ನಾನು, ತೂಕವಿಲ್ಲದ ಸಾಕ್ಷಿ.

ಆ ಭಾನುವಾರದಷ್ಟು ನಿಧಾನವಾಗಿ ಭೂಮಿಯ ಮೇಲೆ ಯಾವ ಕಾರೂ ಓಡಿರಲಾರದು. ವಕೀಲರು ಪಂಚೆ ಮೇಲೆ ಕಟ್ಟಿ, ಬರಿಗಾಲನ್ನು ಪೆಡಲಿನ ಮೇಲೆ ಇಟ್ಟೂ ಇಡದಂತೆ ಇಟ್ಟು, ಕಣ್ಣು ಮಿಟುಕಿಸದೆ ರಸ್ತೆ ನೋಡುತ್ತಿದ್ದರು. ನಾನು ಕೂಗುತ್ತಿದ್ದೆ. ಹತ್ತು, ಹದಿನೈದು, ಹದಿನೆಂಟು. ಕಾರು ನಿಲ್ಲಲಿಲ್ಲ! ಇಪ್ಪತ್ತು, ಇಪ್ಪತ್ತೈದು! ವಕೀಲರ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಆ ಕಲ್ಲುಗಳನ್ನೆಲ್ಲ ನನ್ನ ಕೈಯಾರೆ ನೆಡಿಸಿದ್ದ ನಾನು, ಗಂಟಲು ಹರಿದುಕೊಂಡು ಅವನ್ನೇ ಮೈಲಿಗಲ್ಲೆಂದು ಎಣಿಸುತ್ತಿದ್ದೆ. ಏನು ಹೇಳಲಿ, ಕಲ್ಲು ಬದಲಾಗಿತ್ತೇ ಹೊರತು ಹೆಸರು ಬದಲಾಗಿರಲಿಲ್ಲ. ಕಿಲೋಮೀಟರುಗಲ್ಲು ಎಂದು ಇವತ್ತಿಗೂ ಯಾರ ಬಾಯಲ್ಲೂ ಕೇಳಿಲ್ಲ. ಇಪ್ಪತ್ತೊಂಬತ್ತು ಎಂದು ನಾನು ಕೂಗಿದಾಗ ಕಾರು ಕೆಮ್ಮಿ ನಿಂತಿತು.

ವಕೀಲರು ಇಳಿದು ಬಂದು ನನ್ನನ್ನು ಅಪ್ಪಿಕೊಂಡರು. ಮರದ ನೆರಳಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದ ಹಟ್ಟಿಯ ಕರಿಯಣ್ಣ ಎದ್ದು ಬಂದ. ನಮ್ಮನ್ನು ಅಲ್ಲಿ ಎಷ್ಟೋ ಸಲ ನೋಡಿದವನು.

"ಏನ್ ಬುದ್ದಿ, ಇವತ್ತು ಇಷ್ಟೊಂದು ಕುಸಿಯಾಗಿದ್ದೀರಿ?"

"ಇಪ್ಪತ್ತೊಂಬತ್ತು ಮೈಲಿ ಬಂತು ಕಣೋ! ಮೊದಲು ಹದಿನೆಂಟು ಬರ್ತಿತ್ತು!"

ಕರಿಯಣ್ಣ ಕಾರು ನೋಡಿದ, ಮರ ನೋಡಿದ. "ಅದೆಂಗ್ ಬುದ್ದಿ? ಯಾವಾಗ್ಲೂ ಇಲ್ಲೇ ತಾನೆ ನಿಂತ್ಕಂಬುಡೋದು ನಿಮ್ ಗಾಡಿ? ಅದೇ ಹುಣ್ಸೆಮರ, ಅದೇ ನೆಳ್ಳು."

ವಕೀಲರು ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಹೊಸ ಕಲ್ಲಿನಿಂದ ನಾಲ್ಕು ಹೆಜ್ಜೆ ಆಚೆ ಒಂದು ಗುಂಡಿಯಿತ್ತು. ಹದಿನೆಂಟನೆಯ ಕಲ್ಲನ್ನು ನಾನೇ ಕೀಳಿಸಿದ್ದ ಗುಂಡಿ. ನನ್ನ ಹೊಟ್ಟೆಯಲ್ಲಿದ್ದ ಸಂತೋಷವೆಲ್ಲ ಆ ಗುಂಡಿಗೆ ಇಳಿದುಹೋಯಿತು. ಬಾಯಿ ತೆರೆದೆ. ವಕೀಲರು ಕಾರಿನ ಮೂತಿಯನ್ನು ತಮ್ಮ ಅಂಗವಸ್ತ್ರದಿಂದ ಒರೆಸುತ್ತಿದ್ದರು, ಆಡಿ ಬಂದ ಮಗುವಿನ ಮುಖ ಒರೆಸುವ ಹಾಗೆ. ಬಾಯಿ ಮುಚ್ಚಿದೆ. ಕರಿಯಣ್ಣನಿಗೆ ಉಳಿದ ಚಕ್ಕುಲಿಯನ್ನೆಲ್ಲ ಕೊಟ್ಟೆ.

ಮುಂದೆ ನಡೆದದ್ದು ನಗುವ ಮಾತು. ಕೋರ್ಟಿನ ಕ್ಲಬ್ಬಿನಲ್ಲಿ ಸೀತಾರಾಮಯ್ಯನವರಿಗೆ ಹಾರ ಹಾಕಿದರು. ಅವರು ಪಾದದ ಹಗುರತನ ಕುರಿತು ಮುಕ್ಕಾಲು ಗಂಟೆ ಮಾತಾಡಿದರು. ಮುನ್ಸೀಫರು ಬರಿಗಾಲಲ್ಲಿ ಕಾರು ಓಡಿಸಲು ಹೋಗಿ ಬೇಲಿಗೆ ನುಗ್ಗಿದರು. ವೈ.ಎನ್.ಹೊಸಕೋಟೆಯ ಕಡಲೇಕಾಯಿ ಮಂಡಿಯವರು ಜೀಪು ತಂದು ಬಷೀರ್ ಸಾಬರ ಮುಂದೆ ನಿಲ್ಲಿಸಿ, "ಆ ಲಾಯರ್ ಗಾರಿಗೆ ಮಾಡಿದ್ದೇ ಮಾಡಪ್ಪಾ" ಎಂದರು. "ನಾನು ಪ್ಲಗ್ಗು ಒರೆಸಿದೆ, ಅಷ್ಟೇ" ಎಂದು ಉಸ್ತಾದರು ಎಷ್ಟು ಹೇಳಿದರೂ, ಗುಟ್ಟು ಬಿಡುತ್ತಿಲ್ಲವೆಂದು ಅವರ ಹೆಸರು ಇನ್ನೂ ದೊಡ್ಡದಾಯಿತು.

ಮುಂದಿನ ಭಾನುವಾರ ಶಾರದಮ್ಮನವರು ರೇಷ್ಮೆ ಸೀರೆಯುಟ್ಟು, ಮಲ್ಲಿಗೆ ಮುಡಿದು, ಎರಡನೆಯ ಸೀಟಿನಲ್ಲಿ ಕೂತು ಕೊರಟಗೆರೆಗೆ ಹೊರಟರು. ನಾನು ಜಗುಲಿಯ ಮೇಲೆ ನಿಂತಿದ್ದೆ. "ಅಂತೂ ಕಲ್ಲು ಕರಗಿತಲ್ಲ ಕಣಪ್ಪ" ಎಂದು ನನ್ನ ಕಡೆ ನೋಡಿ ನಕ್ಕರು. ಗಂಡನ ಮನಸ್ಸು ಕರಗಿತು ಎನ್ನುತ್ತಿದ್ದಾರೆಂದು ನಾನೂ ನಕ್ಕೆ. ಅಲ್ಲಿಂದ ಮುಂದೆ ಆ ಸೀಟು ನನಗೆ ಸಿಗಲಿಲ್ಲ. ವಕೀಲರು ತೀರಿಕೊಳ್ಳುವವರೆಗೂ ತಮ್ಮ ಇಪ್ಪತ್ತೊಂಬತ್ತನ್ನು ನಂಬಿದ್ದರು. ಒಂದು ಮನೆಯ ನೆಮ್ಮದಿಯನ್ನು ಒಬ್ಬನೇ ಹೊಟ್ಟೆಯಲ್ಲಿಟ್ಟುಕೊಂಡು ಕಾಪಾಡಿದೆನೆಂದು ನಾನು ಇಷ್ಟು ವರ್ಷ ಒಳಗೊಳಗೇ ಬೀಗುತ್ತಿದ್ದೆ.

ಹೋದ ವಾರ ಆ ಒದ್ದೆ ಕಲ್ಲಿನ ಮುಂದೆ ನಾಗವೇಣಿ ಹೇಳಿದಳು: "ಅಮ್ಮನಿಗೆ ಈ ಕಲ್ಲೆಂದರೆ ಅದೇನು ಭಕ್ತಿಯೋ ಮಾಮ. ಪ್ರತಿ ವರ್ಷ ಆಯುಧಪೂಜೆ ದಿನ ಮೊದಲು ಇದಕ್ಕೆ ಕುಂಕುಮ ಇಟ್ಟು ಆಮೇಲೆ ಕಾರಿಗೆ ಇಡೋರು. ಯಾಕಮ್ಮ ಅಂದರೆ, ಕಾರು ಉಳಿಸಿದ್ದು ಇದೇ ಕಣೇ ಅನ್ನೋರು."

ನಾನು ಕಲ್ಲಿನ ಪಕ್ಕದಲ್ಲೇ ಕೂತೆ. ಕಲ್ಲು ಬಂದದ್ದು ಮೊದಲು, ಕರಾರು ಆಮೇಲೆ. ಐದಕ್ಕೆ ಎಂಟು ಎಂದು ಪಾಠ ಹೇಳಿದವನು ನಾನೇ. ಆ ತಾಯಿ ಹದಿನೆಂಟಕ್ಕೆ ಎಷ್ಟಾಗುತ್ತದೆಂದು ಲೆಕ್ಕ ಹಾಕಿ, ಗಂಡನ ಕಾಲನ್ನು ಪೂರ್ತಿ ನಂಬದೆ ಮೂರು ನಾಲ್ಕು ಕಲ್ಲು ಕೈಬಿಟ್ಟು, ಇಪ್ಪತ್ತೈದು ಎಂದಿದ್ದರು. ಗಂಡನಿಗೆ ಕಾರು ಉಳಿಯಿತು, ಅವರಿಗೆ ಸೀಟು ಸಿಕ್ಕಿತು. ಕರಗಿದ ಕಲ್ಲು ಯಾವುದೆಂದು ನನಗೆ ತಿಳಿಯಲು ನಲವತ್ತು ವರ್ಷ ಬೇಕಾಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ, ಅವರು ಬದುಕಿದ್ದಾಗ ಒಂದು ಸಲ ಜೊತೆಯಲ್ಲಿ ಕೂತು ನಗಲಿಲ್ಲವಲ್ಲ ಎಂದು ಸಂಕಟವಾಯಿತು.

ನಾಗವೇಣಿಯ ಮಗ ಪೈಪು ನಿಲ್ಲಿಸಿ ಬಂದ. ಹೊಸ ಕಾರು ಹೇಳಿದಷ್ಟು ಮೈಲೇಜು ಕೊಡುತ್ತಿಲ್ಲವೆಂದು ಬೆಳಗಿನಿಂದ ಗೊಣಗುತ್ತಿದ್ದವನು. "ತಾತನ ಕಾರು ಇಪ್ಪತ್ತೊಂಬತ್ತು ಕೊಡ್ತಿತ್ತಂತೆ, ನಿಜವಾ? ನೀವೇ ಎಣಿಸಿದ್ದಂತೆ" ಎಂದು ಕೇಳಿದ.

ಕಲ್ಲಿನ ಮೇಲಿನ ಹದಿನೆಂಟು ನನ್ನ ಮುಖವನ್ನೇ ನೋಡುತ್ತಿತ್ತು.

"ನಿಜ ಕಣಪ್ಪ, ಇಪ್ಪತ್ತೊಂಬತ್ತು. ನಿಮ್ಮಜ್ಜಿ ಕೊಡಿಸಿದ್ದು" ಎಂದೆ. ಆಮೇಲೆ ಅವನ ಕೈಯಲ್ಲಿ ಆ ಕಲ್ಲನ್ನು ಮತ್ತೆ ಅಕ್ಷರ ಕೆಳಗಾಗುವಂತೆ ಮಗುಚಿ ಹಾಕಿಸಿದೆ.