ಸೋಡಾ ಅಂಗಡಿಯ ಬಾದಶಾಹಿ ಹೂದಾನಿ

ಕಾಲ ಕಳೆದಂತೆ ಮನುಷ್ಯನ ತಪ್ಪುಗಳ ಬಣ್ಣ ಮಾಸುತ್ತದೆ. ಸೃಷ್ಟಿಯ ದೊಡ್ಡ ಕರುಣೆ ಅದು. ನನ್ನ ತಪ್ಪಿಗೆ ಮಾತ್ರ ಈ ಕರುಣೆ ಅನ್ವಯಿಸಲಿಲ್ಲ. ಅದು ಮಾಡಿದ ದಿನವೇ ಮಾಸಿದಂತೆ ಕಾಣುತ್ತಿತ್ತು — ಹಾಗೆ ಕಾಣಲೆಂದೇ ಬೆವರು ಸುರಿಸಿದ್ದೆ — ಆಮೇಲೆ ಅದು ಇನ್ನಷ್ಟು ಮಾಸದಂತೆ ಕಾಯಲು ಸರಕಾರ ಒಬ್ಬ ಕಾವಲುಗಾರನನ್ನೂ ಇಟ್ಟಿತು.

ನೇರವಾಗಿ ಹೇಳಿಬಿಡುತ್ತೇನೆ. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಕಡೆ ಹೋಗುವ ದಾರಿಯಲ್ಲಿ, ಎರಡು ಹಳೆಯ ಕಲ್ಲು ಕಮಾನುಗಳ ಒಳಗೋಡೆಯ ಮೇಲೆ ಒಂದು ಹೂದಾನಿ, ಅದರಿಂದ ಎದ್ದ ಬಳ್ಳಿ, ಬಳ್ಳಿಯ ಮೇಲೆ ಎರಡು ಗಿಳಿ ಇದ್ದವಲ್ಲ — ಬಾದಶಾಹಿ ಕಾಲದ್ದೆಂದು ಪರ ಊರಿನವರು ಫೋಟೋ ಹೊಡೆದುಕೊಳ್ಳುತ್ತಿದ್ದ ಚಿತ್ರ — ಅದನ್ನು ಬರೆದವನು ನಾನು. ಬೇಸಿಗೆಯ ರಜೆಯಲ್ಲಿ ಬರೆದೆ. ಅದರಿಂದ ದಸ್ತಗೀರನ ಸೋಡಾ ಅಂಗಡಿ ಹೋಯಿತು. ಒಂದೇ ಮಾತಿನಿಂದ ಉಳಿಸಬಹುದಾಗಿತ್ತು. ಆ ಮಾತು ನಾನು ಆಡಲಿಲ್ಲ.

ನಾನು ವೃತ್ತಿಯಿಂದ ಶಾಲೆಯ ಡ್ರಾಯಿಂಗ್ ಮಾಸ್ತರ, ಸಂಜೆಯ ಹೊತ್ತು ಬೋರ್ಡು ಬರೆಯುವವನು. ರಾಜ್ಯದ ಹೆಸರು ಕರ್ನಾಟಕವಾದಾಗ ಊರಿನ ಎಷ್ಟೋ ಬೋರ್ಡುಗಳಿಂದ 'ಮೈಸೂರು' ಎಂಬುದನ್ನು ಅಳಿಸಿದ ಕೈ ಇದು. ಅದೇ ಕಾಲಕ್ಕೆ ಊರಿಗೆ ಪರ್ಮಿಟ್ ರೂಮುಗಳು, ಅಂದರೆ ಬಾರುಗಳು, ಬಂದವು. ಚಹಾದಂಗಡಿ, ಖಾನಾವಳಿ, ಟಾಂಗಾ ರಿಪೇರಿಯ ಶೆಡ್ಡು — ಒಂದೊಂದೇ ಬಾಗಿಲು ಹಾಕಿದವು; ಬಾಗಿಲಿಗೆ ಹಸಿರು ಪರದೆ ಕಟ್ಟಿಕೊಂಡು ಮತ್ತೆ ತೆರೆದವು. ನಾನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ. ಆದರೆ ಆ ಹೊರಗೋಡೆಗಳ ಮೇಲಿನ ಗ್ಲಾಸುಗಳಲ್ಲಿ ಉಕ್ಕುತ್ತಿದ್ದ ನೊರೆಯೆಲ್ಲ ನನ್ನದೇ. ಆ ನೊರೆ ನೋಡಿ ಎಷ್ಟು ಜನ ಒಳಗೆ ಹೋದರೋ — ಚಿತ್ರಗುಪ್ತನಿಗೆ ಗೊತ್ತು.

ದಸ್ತಗೀರ ನನ್ನ ಓರಗೆಯವನು, ಗೆಳೆಯ. ಅವನ ಅಜ್ಜನ ಕಾಲದಿಂದ ಆ ಕಮಾನುಗಳೊಳಗೆ ಬಾಡಿಗೆಗೆ ಗೋಲಿ ಸೋಡಾ ನಡೆದಿತ್ತು. ಸಂಜೆಯಾದರೆ ಅದೇ ನಮ್ಮ ದರಬಾರು. ಕಳ್ಳಕವಟಗಿ ಕಡೆಯಿಂದ ಸಂತೆಗೆ ಬಂದವರು ಒಂದು ಸೋಡಾ ಕುಡಿಯದೆ ಬಸ್ಸು ಹತ್ತುತ್ತಿರಲಿಲ್ಲ.

"ಉಪ್ಪು ಜಾಸ್ತಿ ಆಗೇತಲೇ ದಸ್ತಗೀರಾ!"

"ಉಪ್ಪಿಗೆ ಬ್ಯಾರೆ ರೊಕ್ಕ ಕೇಳೇನೇನಲೇ? ಸುಮ್ಮ ಕುಡಿ."

ಇಷ್ಟೇ ಅಲ್ಲಿಯ ರಾಜಕಾರಣ. ಗೋಲಿ ಒಳಗೆ ಬೀಳುವ ಆ ಸದ್ದಿಗೆ ಅರ್ಧ ಜಗಳಗಳು ಮುಗಿದುಹೋಗುತ್ತಿದ್ದವು.

ಒಂದು ದಿನ ಕಮಾನುಗಳ ಮಾಲೀಕರು ಆ ಜಾಗವನ್ನು ಒಬ್ಬ ಬಾರಿನ ಕಂಟ್ರಾಕ್ಟರನಿಗೆ ಮಾರುವ ಮಾತು ಎತ್ತಿದರು. ದಸ್ತಗೀರ ನನ್ನ ಮುಂದೆ ನಕ್ಕ. "ಬಾರಿಗೂ ಸೋಡಾ ಬೇಕಲ್ರಿ ಮಾಸ್ತರ. ಬಾಟ್ಲಿ ಸಂಗಾಟ ನನ್ನೂ ಒಂದು ಮೂಲ್ಯಾಗ ಇಟ್ಕೊಂಡಾರು." ನಕ್ಕನೇನೋ ನಿಜ. ಆದರೆ ಆ ಸಂಜೆ ಅವನು ತೆರೆದ ಸೋಡಾದಲ್ಲಿ ಅರ್ಧ ಕೈಮೇಲೆ ಚೆಲ್ಲಿತು.

ಆಗ ನನಗೆ ಆ ಬುದ್ಧಿ ಹೊಳೆಯಿತು. ನಮ್ಮ ಊರಲ್ಲಿ ಮನುಷ್ಯನಿಗೆ ವಯಸ್ಸಾದರೆ ಯಾರೂ ಕೇಳುವುದಿಲ್ಲ. ಗೋಡೆಗೆ ವಯಸ್ಸಾದರೆ ಬೇಲಿ ಹಾಕಿ ಕಾಯುತ್ತಾರೆ. ಆ ಗೋಡೆಗೂ ಒಂದಿಷ್ಟು ವಯಸ್ಸು ಕೊಟ್ಟರೆ — ಯಾವ ಕಂಟ್ರಾಕ್ಟರ್ ಮುಟ್ಟಿಯಾನು?

ತಂಗಿಯ ಮಗಳ ಮದುವೆಗೆಂದು ದಸ್ತಗೀರ ಮನೆಮಂದಿಯ ಸಮೇತ ಬಬಲೇಶ್ವರಕ್ಕೆ ಹೊರಟ. ಹೋಗುವಾಗ ಕೀಲಿಕೈ ನನಗೆ ಕೊಟ್ಟು, "ಒಳಗ ಒಂದ್ ಕೈ ಸುಣ್ಣ ಹೊಡಸ್ರಿ" ಅಂದ. ನಾನು ಗೋಡೆಗೆ ಹೊಸ ಗಾರೆ ಹಚ್ಚಿ, ಅದು ಹಸಿಯಿರುವಾಗಲೇ ಕೆಮ್ಮಣ್ಣು, ದೀಪದ ಮಸಿ, ಬಟ್ಟೆಗೆ ಹಾಕುವ ನೀಲಿ — ಇವುಗಳಿಂದ ಹೂದಾನಿ ಬರೆದೆ. ಒಣಗಿದ ಮೇಲೆ ಚಹಾದ ಡಿಕಾಕ್ಷನ್ ಬಳಿದೆ. ಲೋಬಾನದ ಹೊಗೆ ಕೊಟ್ಟೆ. ಇಟ್ಟಿಗೆ ಚೂರಿನಿಂದ ಒಂದು ಗಿಳಿಯ ಕೊಕ್ಕು ಉಜ್ಜಿ ತೆಗೆದೆ — ಮುನ್ನೂರು ವರ್ಷದಲ್ಲಿ ಒಂದು ಕೊಕ್ಕಾದರೂ ಹೋಗಬೇಡವೇ? ಇದೆಲ್ಲದರ ಮೇಲೆ ತೆಳ್ಳಗೆ ಸುಣ್ಣ ಎಳೆದು, ಬಾಗಿಲು ಹಾಕಿಕೊಂಡು ಮನೆಗೆ ಬಂದು ಕೈಕಾಲು ತೊಳೆದುಕೊಂಡೆ.

ಮಳೆಗಾಲದ ತೇವಕ್ಕೆ ಸುಣ್ಣ ಹಪ್ಪಳದಂತೆ ಎದ್ದಿತು. ದಸ್ತಗೀರ ಶಾಲೆಯ ತನಕ ಓಡಿ ಬಂದ. ತರಗತಿಯ ಬಾಗಿಲಲ್ಲೇ ನಿಂತು ಕೂಗಿದ:

"ಮಾಸ್ತರ! ನನ್ನ ಗ್ವಾಡ್ಯಾಗ ಬಾದಶಾ ಬಂದಾನ್ರೀ!"

ಅವನ ಆ ಮುಖ... ಅದನ್ನು ಬರೆಯುವ ಬಣ್ಣ ನನ್ನ ಹತ್ತಿರ ಇಲ್ಲ. ಅಂದಿನಿಂದ ಯಾರನ್ನೂ ಆ ಗೋಡೆಗೆ ಒರಗಗೊಡಲಿಲ್ಲ. ಒರಗಿದವರಿಗೆ, "ಏ, ಸರಿಯಲೇ, ನಿಮ್ಮಪ್ಪ ಬರಸ್ಯಾನೇನು?" ಎಂದು ಗದರುತ್ತಿದ್ದ. ಚಿತ್ರ ಬರೆದ ನಾನೂ ಒಂದು ಸಲ ಅವನಿಂದ ಬೈಸಿಕೊಂಡೆ.

ಬಾದಶಾಹಿ ಚಿತ್ರದ ಸುದ್ದಿ ಊರೆಲ್ಲ ಹಬ್ಬಿ ಮಾರಾಟ ನಿಂತಿತು. ಕಂಟ್ರಾಕ್ಟರ್ ಎದುರಿನ ಜಾಗ ಕೊಂಡ. ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಹಳೆಯ ಕಟ್ಟಡಗಳನ್ನು ಕಾಯುವ ಸರಕಾರಿ ಕಚೇರಿಯ ಸಾಹೇಬರು ಬಂದರು, ಭೂತಗನ್ನಡಿ ಹಿಡಿದು ನೋಡಿದರು. ಚಿತ್ರದ ಕಾಲದ ಬಗ್ಗೆ ಎರಡು ಅಭಿಪ್ರಾಯಗಳಾದವು. ಎರಡೂ ಕಾಲ ನನ್ನ ಮುತ್ತಜ್ಜನಿಗಿಂತ ಹಿಂದಿನವು. ಜಾಗವನ್ನು ಕಾಪಾಡಬೇಕೆಂದರು. ಕಾಪಾಡುವುದೆಂದರೆ — ಇದು ನನ್ನ ಬುದ್ಧಿಗೆ ಹೊಳೆದಿರಲಿಲ್ಲ — ಅಲ್ಲಿ ನೀರು, ಗ್ಯಾಸು, ಅಂಗಡಿ ಯಾವುದೂ ಇರಕೂಡದು. ದಸ್ತಗೀರ ಜಾಗ ಖಾಲಿ ಮಾಡಬೇಕು.

ಕೊನೆಯ ಸಲ ನೋಡಲು ಸಾಹೇಬರು ಬಂದ ದಿನ ದಸ್ತಗೀರ ನನ್ನನ್ನು ಕರೆದುಕೊಂಡು ಹೋದ. "ನೀವು ಶಾಣ್ಯಾ ಮಂದಿ, ಒಂದು ಮಾತು ಹೇಳ್ರಿ ಯಪ್ಪಾ. ಇದು ಹೋದ್ರ ನನಗ ಬ್ಯಾರೆ ಕಸಬ ಬರಂಗಿಲ್ಲ." ಸಾಹೇಬರು ಗೋಡೆಯ ಮುಂದೆ ನಿಂತಿದ್ದರು. ನನ್ನ ಕಡೆ ತಿರುಗಿ, "ನೀವು ಚಿತ್ರಕಲೆಯವರು. ಈ ಬಳ್ಳಿಯ ತಿರುವು ನೋಡಿ. ಇಂಥ ಕೈ ಈಗ ಈ ಜಿಲ್ಲೆಯಲ್ಲಿ ಯಾರಿಗಿದೆ? ಇದು ಹಳೆಯದೇ ಅಲ್ಲವೇ?" ಎಂದರು.

ಆಗ ನಾನು ಅಂದದ್ದು:

"ಹೌದ್ರಿ. ಭಾಳ ಹಳೇದ ಐತಿ."

ನೌಕರಿ ಹೋದೀತೆಂಬ ಹೆದರಿಕೆಯಿಂದ ಹಾಗಂದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು — ಇಲ್ಲವೆನ್ನುವುದಿಲ್ಲ. ಆದರೆ ನಿಜ ಅದಲ್ಲ. ಜೈನಾಪುರದಿಂದ ಬಂದು, ಹುಡುಗರಿಗೆ ಮಾವಿನಹಣ್ಣು ಬರೆಯಲು ಕಲಿಸಿ, ಬಾರಿನ ಗೋಡೆಗೆ ನೊರೆ ಬರೆದು ಕಳೆದ ಬದುಕಿನಲ್ಲಿ, ನನ್ನ ಕೈಯನ್ನು ಯಾರೂ ಒಮ್ಮೆಯೂ ಹೊಗಳಿರಲಿಲ್ಲ. ಆ ಹೊಗಳಿಕೆ ಇನ್ನೂ ಸ್ವಲ್ಪ ಹೊತ್ತು ನಡೆಯಲಿ ಅನ್ನಿಸಿತು. ಪಕ್ಕದಲ್ಲಿ ದಸ್ತಗೀರ ನನ್ನ ಮುಖವನ್ನೇ ನೋಡುತ್ತ ನಿಂತಿದ್ದ — ನೋಡಿದೆ, ನೋಡಿಯೂ —

ಅವನು ಸೋಡಾ ಮಷೀನನ್ನು ಎತ್ತಿನ ಗಾಡಿಗೆ ಹೇರಿಕೊಂಡು ತಿಕೋಟಾಕ್ಕೆ, ಹೆಂಡತಿಯ ತವರಿಗೆ ಹೋದ. ಎದುರಿಗೆ ಬಾರು ತೆರೆಯಿತು. ಕಂಟ್ರಾಕ್ಟರ್ ನನ್ನನ್ನೇ ಕರೆಸಿ, ಗಿರಾಕಿ ಬರುವಂತೆ ಎದುರಿನ ಹೂದಾನಿಯನ್ನೇ ಬಾರಿನ ಗೋಡೆಗೂ ದೊಡ್ಡದಾಗಿ ಬರೆಸಿದ. ಅದನ್ನೂ ಬರೆದೆ. ಅಷ್ಟು ನಾಚಿಕೆಗೆಟ್ಟಿದ್ದೆ. ಕುಡಿದು ಹೊರಬಂದವರು ಎರಡನ್ನೂ ಹೋಲಿಸಿ ನೋಡಿ, "ಹಳೇ ಮಂದಿ ಕೈ ಬ್ಯಾರೇನ ಬಿಡ್ರಿ ಮಾಸ್ತರ, ನಿಮಗ ಬರಂಗಿಲ್ಲ" ಎಂದು ನನಗೇ ಹೇಳುತ್ತಿದ್ದರು.

ಈ ವರ್ಷ ದೀಪಾವಳಿ ಮುಗಿದ ಮೇಲೆ ತಿಕೋಟಾಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹೊರಗೆ ತಳ್ಳುಗಾಡಿಯ ಮೇಲೆ ದಸ್ತಗೀರ ಸೋಡಾ ಮಾರುತ್ತಿದ್ದ. ಎದುರಿಗೆ ಬಣ್ಣದ ತಂಪು ಪಾನೀಯದ ಅಂಗಡಿ, ಜನ ಅಲ್ಲೇ. ನನ್ನನ್ನು ಕಂಡು, "ಬರ್ರಿ ಮಾಸ್ತರ, ಬಾದಶಾ ಹೆಂಗ ಅದಾನ್ರಿ?" ಅಂದ.

ನಿಂತಲ್ಲೇ ಎಲ್ಲ ಹೇಳಿದೆ. ಸುಣ್ಣ, ಚಹಾ, ಕೊಕ್ಕು, ಸಾಹೇಬರ ಮುಂದೆ ಆಡಿದ ಮಾತು, ಯಾಕೆ ಆಡಿದೆನೆಂಬುದು. ಅವನು ಕೇಳಿಸಿಕೊಂಡ. ನಡುವೆ ಒಬ್ಬ ಗಿರಾಕಿ ಬಂದ. ಅವನಿಗೆ ಸೋಡಾ ಕೊಟ್ಟು, ಬಾಟಲಿ ತೊಳೆದಿಟ್ಟು, ಮತ್ತೆ ನನ್ನ ಕಡೆ ತಿರುಗಿದ.

"ಅಂದ್ರ ನನ್ನ ಗ್ವಾಡ್ಯಾಗ ಯಾರೂ ಬಂದಿದ್ದಿಲ್ಲ."

"ಇಲ್ಲ."

"ನನಗ ಮೊದ್ಲ ಹೇಳಿದ್ರ ನಾನೂ ನಿಮ್ಮ ಸಂಗಾಟ ಸುಳ್ಳ ಹೇಳ್ತಿದ್ದೆನೋ ಏನೋ. ಇಬ್ರೂ ಕೂಡಿ ನಗತಿದ್ವಿ." ತೊಯ್ದ ಕೈ ಒರೆಸಿಕೊಂಡ. "ಅವತ್ತ ನಾ ನಿಮ್ಮ ಬಾಜೂಕ ನಿಂತಿದ್ದೆ ಮಾಸ್ತರ. ನಿಮ್ಮ ಬಾಯಿ ನೋಡಕೋತ ನಿಂತಿದ್ದೆ."

ನಾನು ತಲೆ ತಗ್ಗಿಸಿದೆ.

"ಇಲ್ಲಿ ತಲಿ ತಗ್ಗಿಸಿ ಏನ್ ಮಾಡ್ತೀರಿ? ಎಲ್ಲಿ ಸುಳ್ಳ ಹೇಳಿದ್ರಿ, ಅಲ್ಲಿ ಹೋಗಿ ಖರೇ ಹೇಳ್ರಿ."

ಸೋಡಾ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಮಾರನೆಯ ದಿನವೇ ಕಚೇರಿಗೆ ಹೋದೆ. ಸಾಹೇಬರು ಬದಲಾಗಿದ್ದರು. ಹೊಸ ಸಾಹೇಬರು ನನಗೆ ತಲೆ ಕೆಟ್ಟಿರಬೇಕೆಂದು ಭಾವಿಸಿ ನೀರು ಕೊಡಿಸಿದರು. ಕಾವಲುಗಾರನಂತೂ ತನ್ನ ನೌಕರಿಗೇ ಕಲ್ಲು ಬಿತ್ತೆಂದು ನನ್ನ ಮೇಲೆ ಹರಿಹಾಯ್ದ. ನಾನು ಎದ್ದು ಬರಲಿಲ್ಲ. ಮೂರು ಸಲ ಹೊರಗೆ ಕಳಿಸಿದರು, ಮೂರು ಸಲವೂ ಮತ್ತೆ ಒಳಗೆ ಹೋಗಿ ಅದೇ ಮಾತು ಹೇಳಿದೆ. ಕೊನೆಗೆ, "ಹೂದಾನಿಯ ಬುಡದಲ್ಲಿ ಗಾರೆ ಕೆರೆದು ನೋಡಿರಿ. ಬೇಗ ಗಟ್ಟಿಯಾಗಲೆಂದು ಸಿಮೆಂಟ್ ಬೆರೆಸಿದ್ದೇನೆ. ಬಾದಶಹರಿಗೆ ಆ ಅನುಕೂಲ ಇರಲಿಲ್ಲ" ಎಂದೆ. ಕೆರೆದರು. ನೋಡಿದರು. ಆಮೇಲೆ ಯಾರೂ ನೀರು ಕೊಡಲಿಲ್ಲ.

ಇಷ್ಟನ್ನೂ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಚೇರಿಯವರು ತಮ್ಮ ಮುಖ ಉಳಿಸಿಕೊಳ್ಳಲು ದಸ್ತಗೀರನಿಗೂ ಇದರಲ್ಲಿ ಕೈಯಿತ್ತೆಂದು ಆಡುತ್ತಿದ್ದಾರೆ. ಇರಲಿಲ್ಲ. ಅವನಿಗೆ ಏನೂ ಗೊತ್ತಿರಲಿಲ್ಲ. ಯಾರು ಎಲ್ಲಿ ಕರೆದರೂ, ಎಷ್ಟು ಸಲ ಕರೆದರೂ ಬಂದು ಇದನ್ನೇ ಹೇಳುತ್ತೇನೆ; ಈ ಸಲ ನನ್ನ ಬಾಯಿಂದ ಬೇರೆ ಮಾತು ಹೊರಡುವುದಿಲ್ಲ.

ಶಾಲೆಯವರು ನನ್ನನ್ನು ಮನೆಗೆ ಕಳಿಸಿದ್ದಾರೆ. ಚಿತ್ರವನ್ನು ಹೋದ ಸೋಮವಾರ ಕೆರೆದು ತೆಗೆದರು. ಮಾಲೀಕರು ಕಮಾನುಗಳಿಗೆ ಬೀಗ ಹಾಕಿದ್ದಾರೆ. ದಸ್ತಗೀರನಿಗೆ ಅಂಗಡಿ ಕೊಟ್ಟಿಲ್ಲ.